ಮಂಡಕ್ಕಿ ಭಟ್ಟಿಯಲ್ಲಿ ಪ್ರೋಟಾನ್ ಜರಡಿ: ನನ್ನ ಅನುಭವ

"ಪ್ರೋಟಾನ್ ಡಿಕ್ಕಿ ಹೊಡೆಯೋದು ಮಂಡಕ್ಕಿ ಭಟ್ಟಿಯವರಿಗೆ ಯಾಕ್ರೀ ಮೇಷ್ಟ್ರೆ?" ಅಂತ ನಕ್ಕಿದ್ದ ಭೌತಶಾಸ್ತ್ರದ ಗೆಳೆಯರೇ ಈ ಸಲ ನನ್ನ ಎರಡನೇ ಕಿರುಪುಸ್ತಿಕೆಯ ಹತ್ತು ಪ್ರತಿ ಇಸ್ಕೊಂಡು ಹೋದರು. ಕಣಗಳ ಭೌತಶಾಸ್ತ್ರವನ್ನ ಭಟ್ಟಿಯವರಿಗೂ ತಿಳಿಯೋ ಹಾಗೆ ಕನ್ನಡದಲ್ಲಿ ಹೇಳೋ ಪುಸ್ತಿಕೆ ಅದು. ಅದಕ್ಕೇ ಇದನ್ನ ಬರೀತಿದೀನಿ.

ಮೊದಲ ಕಿರುಪುಸ್ತಿಕೆ ಪೂರ್ತಿ ಮುಳುಗಿತ್ತು. 500 ಪ್ರತಿ, ಮುದ್ರಣಕ್ಕೇ 7 ಸಾವಿರದ ಹತ್ತಿರ. ಹೋಗಿದ್ದು ತೊಂಬತ್ತೋ ನೂರೋ. ಮೊದಲ ಪುಟದಲ್ಲೇ ಕ್ವಾರ್ಕ್, ಎಲೆಕ್ಟ್ರಾನ್ ಅಂತ 17 ಮೂಲಕಣಗಳ, ಅಂದರೆ ಇನ್ನೂ ಚಿಕ್ಕದಾಗಿ ಒಡೆಯೋಕೆ ಬಾರದ ಕಣಗಳ, ಪಟ್ಟಿ ಹಾಕಿದ್ದೆ. ನನ್ನ ಪಾಂಡಿತ್ಯ ನನಗೆ ಚೆಂದ ಕಂಡಿತ್ತು. ಉಳಿದ ಕಟ್ಟು ರದ್ದಿಗೆ ಹೋಯ್ತು. ಒಂದು ಸಂಜೆ ಮಿರ್ಚಿ ಕಟ್ಟಿಕೊಟ್ಟ ಕಾಗದ ಬಿಚ್ಚಿದರೆ, ಎಣ್ಣೆ ಕುಡಿದ ಕ್ವಾರ್ಕ್ ಪಟ್ಟಿ ನನ್ನ ಕೈಲೇ!

ಕಣದ ಹೆಸರು ಹೇಳೋ ಮುಂಚೆ ಅದು ಹಾದುಹೋದ ಗೆರೆ ತೋರಿಸಬೇಕು ಅಂತ ಆವತ್ತು ನಿರ್ಧಾರ ಮಾಡಿದೆ. ಅದಕ್ಕೆ ಮೋಡದ ಪೆಟ್ಟಿಗೆ ಕಟ್ಟಿದೆ: ಆಲ್ಕೋಹಾಲ್ ಆವಿ ತುಂಬಿ ತಳ ತಣ್ಣಗೆ ಮಾಡಿದ ಪೆಟ್ಟಿಗೆ, ಕಣ ಹಾದ ದಾರಿ ಅದರಲ್ಲಿ ಮಂಜಿನ ಗೆರೆಯಾಗಿ ಕಾಣುತ್ತೆ. ನಾನು ಕೆಟ್ಟ ಜಾಗಗಳನ್ನಷ್ಟೇ ಹೇಳ್ತೀನಿ. ದುಡ್ಡು ಉಳಿಸೋಕೆ ಹೋಗಿ ಸ್ಯಾನಿಟೈಸರ್ ಸುರಿದೆ. ಅದರಲ್ಲಿ ನೀರು ಬೆರೆತಿರುತ್ತೆ. ಮಂಜು ಬಂತು, ಗೆರೆ ಬರಲಿಲ್ಲ. 99 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್ ತರಿಸಿದ ಮೇಲೇ ಬುದ್ಧಿ ಬಂದಿದ್ದು. ತಳ ತಣ್ಣಗಾಗಿಸೋಕೆ ಡ್ರೈ ಐಸ್ (ಗಟ್ಟಿ ಕಾರ್ಬನ್ ಡೈಆಕ್ಸೈಡ್) ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ, ಥರ್ಮಾಕೋಲ್ ಡಬ್ಬಿಯಲ್ಲಿ. 5 ಕೆಜಿ ಹೊರಟಿದ್ದು ಇಲ್ಲಿ ಇಳಿಯೋ ಹೊತ್ತಿಗೆ 3 ಕೆಜಿ ಇತ್ತೋ ಇಲ್ಲವೋ. ಹಳೇ ಮೀನಿನ ತೊಟ್ಟಿ ಸೇರಿ ಒಟ್ಟು ಎರಡೂವರೆ ಸಾವಿರ ಖರ್ಚು. ಗೆರೆ ಕಾಣೋಕೆ ಟಾರ್ಚ್ ಯಾವ ಮೂಲೆಯಲ್ಲಿ, ಎಷ್ಟು ಎತ್ತರಕ್ಕೆ ಇಡಬೇಕು ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಬೇಕಾದವರು ದಾವಣಗೆರೆಗೆ ಬಂದು ಬೆಣ್ಣೆ ದೋಸೆ ಕೊಡಿಸಿ.

ನಡುವೆ ಒಂದು ಹುಚ್ಚು. ಪೆಟ್ಟಿಗೆ ಹೊತ್ಕೊಂಡು ಚಿತ್ರದುರ್ಗಕ್ಕೆ ಹೋಗಿ, ದೊಡ್ಡ ಬಂಡೆಯೊಂದರ ಅಡಿ ಇಟ್ಟೆ, ಆಕಾಶದಿಂದ ಸದಾ ಸುರಿಯೋ ಮ್ಯೂಆನ್ ಅನ್ನೋ ಕಣಗಳ ಗೆರೆ ಕಮ್ಮಿಯಾಗ್ತವೆ ಅಂತ. ಕಣ್ಣಲ್ಲಿ ಎಣಿಸಿದ್ದಕ್ಕೆ ವ್ಯತ್ಯಾಸ ಸಿಗಲಿಲ್ಲ. ಎರಡು ಮೂರು ಮೀಟರ್ ಕಲ್ಲು ಬಹುಪಾಲು ಮ್ಯೂಆನ್‌ಗಳಿಗೆ ಲೆಕ್ಕಕ್ಕಿಲ್ಲ. ಆದರೆ ಪುಸ್ತಿಕೆಗೆ ಒಂದು ಪುಟ ಸಿಕ್ಕಿತು: ಕೋಲಾರದ ಚಿನ್ನದ ಗಣಿಯಲ್ಲಿ 2 ಕಿ.ಮೀ.ಗೂ ಆಳಕ್ಕೆ ಇಳಿದು 1965ರಲ್ಲಿ ನ್ಯೂಟ್ರಿನೋ ಅನ್ನೋ ಕಣದ ಗುರುತು ಹಿಡಿದದ್ದು ಯಾಕೆ ಅಂತ ಈಗ ಒಂದೇ ಸಾಲಲ್ಲಿ ಹೇಳಬಹುದು: ಮ್ಯೂಆನ್ ತಡೆಯೋಕೆ ಅಷ್ಟು ಕಲ್ಲು ಬೇಕು, ನ್ಯೂಟ್ರಿನೋ ಅದನ್ನೂ ದಾಟಿ ಬರುತ್ತೆ.

ಎರಡನೇ ಪುಸ್ತಿಕೆಯ ಕರಡನ್ನ ಭಟ್ಟಿಯಲ್ಲೇ ಓದಿದೆ. ಮೊದಲು ಪೆಟ್ಟಿಗೆ ತೋರಿಸೋದು, ಆಮೇಲೆ ಓದೋದು. ಕೇಳೋರ ಕಣ್ಣು ಬಾಂಡ್ಲಿ ಕಡೆ ತಿರುಗಿದ ಕಡೆಯೆಲ್ಲ ಸಾಲು ಹೊಡೆದುಹಾಕಿದೆ. ಹಿಗ್ಸ್ ಅನ್ನೋ ಕಣದ ಬಗ್ಗೆ ಎರಡು ಪುಟ ಹಂಗೇ ಹೋಯ್ತು, ಹೊಟ್ಟೆ ಉರಿಯಿತು. ನಿಂತಿದ್ದು ಇವು: ಪ್ರೋಟಾನ್ ಡಿಕ್ಕಿ ಹೊಡೆಸೋ ಯಂತ್ರ ಇರೋ ಜಿನೀವಾ ಹತ್ತಿರದ ಸುರಂಗ 27 ಕಿ.ಮೀ., ಅಂದರೆ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬಂದಷ್ಟು. ಪ್ರೋಟಾನ್ ಅದನ್ನ ಸೆಕೆಂಡಿಗೆ 11 ಸಾವಿರ ಸಲ ಸುತ್ತುತ್ತೆ. ಎರಡು ಕಡೆಯ ಪ್ರೋಟಾನ್ ಗುಂಪುಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರಾಗ್ತವೆ, ಬೇಕಾದ ಡಿಕ್ಕಿಗಳ ದಾಖಲೆಯನ್ನಷ್ಟೇ ಆರಿಸೋ ಮೊದಲ ಜರಡಿ ಅದನ್ನ ಲಕ್ಷಕ್ಕೆ ಇಳಿಸುತ್ತೆ, ಎರಡನೇದು ಕೆಲವೇ ಸಾವಿರಕ್ಕೆ.

ಜರಡಿ ಅಂದದ್ದೇ ಭಟ್ಟಿಯ ಯಜಮಾನರು ಕೈಲಿದ್ದದ್ದನ್ನ ನಿಲ್ಲಿಸಿದರು. ತಂತಿಯ ಕಣ್ಣಿಂದ ಬಿಸಿ ಮರಳು ಇನ್ನೂ ಸೋರ್ತಾ ಇತ್ತು, ಮೇಲೆ ಮಂಡಕ್ಕಿ ಚಟಪಟ ಅಂತಿತ್ತು.

"ನಾವು ಈ ಮರಳನ್ನ ತಿರುಗಿ ಬಾಂಡ್ಲಿಗೆ ಹಾಕ್ತೀವಿ ಮೇಷ್ಟ್ರೆ. ಅವ್ರು?"

"ಬಿಟ್ಟದ್ದು ಹೋಯ್ತು. ಮತ್ತೆ ಸಿಗಲ್ಲ."

"ಹಂಗಾದ್ರೆ ಜರಡಿ ಕಣ್ಣೇ ತಪ್ಪಿದ್ರೆ? ಮಂಡಕ್ಕಿನೇ ಕೆಳಗೆ ಹೋದ್ರೆ?"

ಇಪ್ಪತ್ತು ವರ್ಷ ಪಾಠ ಮಾಡಿದ್ದೀನಿ, ಒಬ್ಬ ಹುಡುಗನೂ ಇದನ್ನ ಕೇಳಿರಲಿಲ್ಲ. ಅಲ್ಲಿನ ವಿಜ್ಞಾನಿಗಳನ್ನ ನಿದ್ದೆಗೆಡಿಸೋ ಪ್ರಶ್ನೆ ಇದೇ. ಅವರು ಅಲ್ಲಲ್ಲಿ ಜರಡಿ ಹಿಡಿಯದೆ, ಆರಿಸದೆ ಒಂದಿಷ್ಟನ್ನ ಹಂಗೇ ಎತ್ತಿಟ್ಟುಕೊಂಡು ಹೋಲಿಸಿ ನೋಡ್ತಾರೆ ಅಂದೆ.

"ಮತ್ತೆ? ನಾವೂ ಬೊಗಸೇಲಿ ಎತ್ತಿ ನೋಡೋದೇ," ಅಂದು ಮುಂದಿನ ಘಾಣಕ್ಕೆ ಅಕ್ಕಿ ಸುರಿದರು.

ಆ ಮಾತುಕತೆಯನ್ನ ಹಂಗಿಂದ ಹಂಗೇ ಮೊದಲ ಪುಟಕ್ಕೆ ತಂದೆ. 300 ಪ್ರತಿ, ಒಂದಕ್ಕೆ 15 ರೂಪಾಯಿ. ಮೂರು ವಾರದಲ್ಲಿ ಖಾಲಿ. ಮತ್ತೆ 500ಕ್ಕೆ ಹೇಳಿದೀನಿ, ಅದರಲ್ಲಿ ಐವತ್ತು ಭಟ್ಟಿಗೇ ಮೀಸಲು.