ಗ್ರಂಥಾಲಯ ಸಿಬ್ಬಂದಿಯ ಆನ್‌ಲೈನ್ ತರಬೇತಿ: ನಿಯಮ ಬರೆಯುವುದು ಹೇಗೆ?

"ಸಿಬ್ಬಂದಿ ತಮ್ಮ ಬಿಡುವಿನ ವೇಳೆಯಲ್ಲಿ ಆನ್‌ಲೈನ್ ತರಬೇತಿಯನ್ನು ಕಡ್ಡಾಯವಾಗಿ ಪೂರ್ಣಗೊಳಿಸತಕ್ಕದ್ದು."

ಈ ಸಾಲನ್ನು ಒಂದಕ್ಕಿಂತ ಹೆಚ್ಚು ಸೂಚನಾ ಫಲಕಗಳಲ್ಲಿ, ಬೇರೆ ಬೇರೆ ಮೊಹರುಗಳ ಪಕ್ಕದಲ್ಲಿ ಓದಿದ್ದೇನೆ. ಓದಲು ಶಿಸ್ತಾಗಿಯೇ ಇದೆ. ಆದರೆ ಆ ಬಿಡುವು ಯಾರದ್ದು, ಎಷ್ಟು ಹೊತ್ತಿನದ್ದು, ಅಷ್ಟು ಹೊತ್ತು ಕೌಂಟರಿನಲ್ಲಿ ಕೂರುವವರು ಯಾರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಹೀಗಾಗಿ ಒಬ್ಬರು ರಾತ್ರಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ವಿಡಿಯೊ ಓಡಿಸುತ್ತಾರೆ. ಇನ್ನೊಬ್ಬರು ಕಚೇರಿಯ ಕಂಪ್ಯೂಟರಿನಲ್ಲಿ ಧ್ವನಿ ಅಡಗಿಸಿ ಅದರ ಪಾಡಿಗೆ ಓಡಲು ಬಿಡುತ್ತಾರೆ. ಕೊನೆಯ ಪರೀಕ್ಷೆಯ ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಗುತ್ತವೆ. ತಿಂಗಳ ಕೊನೆಗೆ ಎಲ್ಲರ ಪ್ರಮಾಣಪತ್ರವೂ ಕಡತ ಸೇರುತ್ತದೆ. ಓದುಗರೊಬ್ಬರು ಬಂದು "ಈ ಪುಸ್ತಕ ಇನ್ನೊಂದು ವಾರ ಇರಲಿ" ಎಂದಾಗ ಮಾತ್ರ ಯಾವ ಗುಂಡಿ ಒತ್ತಬೇಕೆಂದು ಒಬ್ಬರಿಗೂ ತಿಳಿದಿರುವುದಿಲ್ಲ.

ತರಬೇತಿಯೇ ಬೇಡ ಎನ್ನುವ ಕಾಲ ಇದಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅವು ಅರಿವು ಕೇಂದ್ರಗಳು. 2020ರಲ್ಲಿ ರಾಜ್ಯದ ಡಿಜಿಟಲ್ ಗ್ರಂಥಾಲಯ ಆರಂಭವಾಯಿತು. ಕಾಲೇಜುಗಳಲ್ಲಿ ಕೋಹಾ, ಸೋಲ್, ಇ-ಗ್ರಂಥಾಲಯದಂತಹ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶಗಳು ಬಂದಿವೆ. ಬಂದ ಪುಸ್ತಕಗಳನ್ನು ದಾಖಲಿಸುವ ಪರಿಗ್ರಹಣ ವಹಿ ಬರೆದು ನಿವೃತ್ತಿಯಾಗಬಹುದೆಂದುಕೊಂಡಿದ್ದವರೂ ಕೀಲಿಮಣೆಯ ಮುಂದೆ ಕೂತಿದ್ದಾರೆ. ಅವರಿಗೆ ಕಲಿಸಬೇಕು, ಕಲಿಯಲು ಸಮಯವನ್ನೂ ಕೊಡಬೇಕು. ನಿಯಮ ಬರೆಯುವುದು ಅದಕ್ಕಾಗಿ.

ಎರಡು ಪುಟ ಸಾಕು. ಕನ್ನಡದಲ್ಲಿರಲಿ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಮಾದರಿಯನ್ನು ಇಳಿಸಿಕೊಂಡು ಸಂಸ್ಥೆಯ ಹೆಸರು ಬದಲಿಸುವ ಅಡ್ಡದಾರಿ ಹಿಡಿಯಬೇಡಿ. ಅಂತಹ ಮಾದರಿಯಲ್ಲಿ "ಮಾನವ ಸಂಪನ್ಮೂಲ ವಿಭಾಗದ ಅನುಮತಿ ಪಡೆಯಬೇಕು" ಎಂದಿರುತ್ತದೆ. ನಿಮ್ಮಲ್ಲಿರುವುದು ಒಬ್ಬ ಗ್ರಂಥಪಾಲಕರು, ಇಬ್ಬರು ಸಹಾಯಕರು, ಒಬ್ಬ ಅಟೆಂಡರ್.

ಹೆಜ್ಜೆ 1: ಯಾರಿಗೆ ಏನು ಬೇಕು?

ಹಾಳೆಯ ಮೇಲೆ ಎಲ್ಲರ ಹೆಸರು ಬರೆಯಿರಿ, ಎದುರಿಗೆ ಅವರು ದಿನವೂ ಮಾಡುವ ಕೆಲಸ ಬರೆಯಿರಿ. ಹೊರಗುತ್ತಿಗೆಯವರನ್ನು ಬಿಡಬೇಡಿ, ಕೌಂಟರಿನಲ್ಲಿ ಹೆಚ್ಚು ಹೊತ್ತು ಕೂರುವವರು ಅವರೇ. ಪುಸ್ತಕ ಜೋಡಿಸುವ ಅಟೆಂಡರಿಗೆ ಪುಸ್ತಕದ ಬೆನ್ನಿನ ಮೇಲಿನ ವರ್ಗೀಕರಣ ಸಂಖ್ಯೆ ಓದುವುದು ಗೊತ್ತಾದರೆ ಸಾಕು, ಸೂಚೀಕರಣದ (ಪುಸ್ತಕದ ವಿವರಗಳನ್ನು ಕ್ರಮವಾಗಿ ದಾಖಲಿಸುವ ಕೆಲಸದ) ಒಂದು ತಿಂಗಳ ಕೋರ್ಸು ಬೇಡ. ನಿಮ್ಮಲ್ಲಿರುವುದು ಇ-ಗ್ರಂಥಾಲಯವಾದರೆ ಕೋಹಾ ತರಬೇತಿಗೆ ಹೆಸರು ಕೊಡಿಸಬೇಡಿ. ಇದನ್ನು ಹೇಳಬೇಕೇ ಎನ್ನಬಹುದು. ಹೇಳಬೇಕಾಗಿದೆ.

ಹೆಜ್ಜೆ 2: ಸಮಯ

ನಿಯಮ ಮುರಿದು ಬೀಳುವುದು ಇಲ್ಲಿಯೇ. ಎರಡು ಪುಟಗಳಲ್ಲಿ ಒಂದನ್ನು ಇದಕ್ಕೇ ಮೀಸಲಿಡಿ.

ಮೊದಲು, ತರಬೇತಿಯ ಸಮಯ ಕರ್ತವ್ಯದ ಸಮಯ ಎಂದು ಸ್ಪಷ್ಟವಾಗಿ ಬರೆಯಿರಿ. ಇದಕ್ಕೆ ಒಪ್ಪದ ಆಡಳಿತ ಮಂಡಳಿಯವರಿಗೆ ಒಂದು ಪ್ರಶ್ನೆ ಕೇಳಬಹುದು. ಇದೇ ತರಬೇತಿ ಮೈಸೂರಿನಲ್ಲಿ ನಡೆದಿದ್ದರೆ ಏನು ಮಾಡುತ್ತಿದ್ದಿರಿ? ಓಓಡಿ (ಬೇರೆಡೆ ಕರ್ತವ್ಯದಲ್ಲಿದ್ದಾರೆಂಬ ಹಾಜರಿ) ಹಾಕುತ್ತಿದ್ದಿರಿ, ಬಸ್ಸಿನ ಖರ್ಚು ಕೊಡುತ್ತಿದ್ದಿರಿ, ಆ ದಿನ ಅವರ ಜಾಗದಲ್ಲಿ ಬೇರೆಯವರನ್ನು ಕೂರಿಸುತ್ತಿದ್ದಿರಿ. ತರಬೇತಿ ಪರದೆಯ ಮೇಲೆ ಬಂದ ಮಾತ್ರಕ್ಕೆ ಕೌಂಟರನ್ನೂ ನೋಡಿಕೊಳ್ಳಿ ಎನ್ನುವುದು ಯಾವ ನ್ಯಾಯ? ನೇರಪ್ರಸಾರದ ತರಬೇತಿ ಇಡೀ ದಿನದ್ದಾದರೆ ಅದಕ್ಕೂ ಓಓಡಿಯೇ ಆಗಬೇಕು.

ಎರಡನೆಯದು ಸೋಮವಾರದ ಆಸೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ರಜೆ, ಜೊತೆಗೆ ತಿಂಗಳ ಎರಡನೇ ಮಂಗಳವಾರ. "ಹೇಗೂ ಬಾಗಿಲು ಮುಚ್ಚಿರುತ್ತದೆ, ಅಂದೇ ತರಬೇತಿ ಇಟ್ಟರಾಯಿತು" ಎಂದು ಜಾಣರೊಬ್ಬರು ಸಭೆಯಲ್ಲಿ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಊರಿಗೆಲ್ಲ ರಜೆಯಿರುವ ಭಾನುವಾರ ಈ ಸಿಬ್ಬಂದಿ ಕೆಲಸ ಮಾಡಿರುತ್ತಾರೆ. ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿಯ ಕೆಲಸಗಳಿಗೆ ಅವರಿಗಿರುವುದು ಆ ಒಂದು ಸೋಮವಾರ. ಅದನ್ನು ಮುಟ್ಟಲೇಬೇಕಾಗಿ ಬಂದರೆ ಅದೇ ವಾರ ಬದಲಿ ರಜೆ ಕೊಡುವುದಾಗಿ ಬರೆದು ಸಹಿ ಮಾಡಿ.

ಮೂರನೆಯದು, ಯಾವ ಗಂಟೆ? ಊಹಿಸಬೇಡಿ, ಎಣಿಸಿ. ಒಂದು ವಾರ ಕೌಂಟರಿನ ಪಕ್ಕ ಹಾಳೆಯಿಟ್ಟು, ಗಂಟೆಗೆ ಎಷ್ಟು ಜನ ಪುಸ್ತಕ ತೆಗೆದುಕೊಂಡರು, ಎಷ್ಟು ಜನ ಹಿಂತಿರುಗಿಸಿದರು ಎಂದು ಗೆರೆ ಹಾಕಿಸಿ. ಬಾಗಿಲು ತೆರೆಯುತ್ತಲೇ ಪತ್ರಿಕೆ ಓದುವ ಹಿರಿಯರು ಬರುತ್ತಾರೆ, ಸಂಜೆ ಕಾಲೇಜು ಬಿಟ್ಟ ಮಕ್ಕಳು ಬರುತ್ತಾರೆ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರು ಬೆಳಗಿನಿಂದ ರಾತ್ರಿಯವರೆಗೂ ಕೂತಿದ್ದರೂ ಕೌಂಟರಿಗೆ ತೊಂದರೆ ಕೊಡುವುದಿಲ್ಲ. ಅವರಿಗೆ ಬೇಕಾದದ್ದು ಫ್ಯಾನು, ಬೆಳಕು, ಮೌನ. ನಾನು ನೋಡಿದ ಕಡೆಗಳಲ್ಲೆಲ್ಲ ಮಧ್ಯಾಹ್ನದ ಊಟ ಮುಗಿದ ಮೇಲಿನ ಒಂದು ಗಂಟೆಯೇ ಸಡಿಲ. ನಿಮ್ಮಲ್ಲಿ ಬೇರೆಯಿರಬಹುದು. ಯಾವ ಗಂಟೆಯಾದರೂ ಒಂದು ಕೂರಿಕೆ 45 ನಿಮಿಷ ಮೀರದಿರಲಿ. ಊಟದ ಮೇಲೆ ಎರಡು ತಾಸು ವಿಡಿಯೊ ನೋಡಿಸಿದರೆ ಕಲಿಕೆಯಲ್ಲ, ನಿದ್ದೆ ಬರುತ್ತದೆ.

ನಾಲ್ಕನೆಯದು ಜಾಗ. ಕೌಂಟರಿನಲ್ಲಿ ಕೂತು ತರಬೇತಿ ಪಡೆಯುವುದನ್ನು ನಿಷೇಧಿಸಿ. "ನಿಷೇಧಿಸಲಾಗಿದೆ" ಎಂದೇ ಬರೆಯಿರಿ. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಸಹಾಯಕಿ ಬಾರ್‌ಕೋಡ್ ಓದಿಸುತ್ತಿರುತ್ತಾರೆ. ಹಿರಿಯರೊಬ್ಬರು "ನಿನ್ನೆಯ ಪೇಪರ್ ಎಲ್ಲಮ್ಮ?" ಎನ್ನುತ್ತಾರೆ. ಸಹಾಯಕಿ ಎದ್ದು, ಪತ್ರಿಕೆಯ ಕಟ್ಟಿನಿಂದ ಹುಡುಕಿ ಕೊಟ್ಟು ಬರುವಷ್ಟರಲ್ಲಿ ಪರದೆಯ ಮೇಲಿನ ಪ್ರಶ್ನೆಯ ಸಮಯ ಮುಗಿದಿರುತ್ತದೆ, ಪಾಠ ಮೊದಲಿನಿಂದ ಶುರುವಾಗುತ್ತದೆ. ಇದನ್ನು ಒಂದು ಮಧ್ಯಾಹ್ನ ಪಕ್ಕದಲ್ಲಿ ನಿಂತು ನೋಡಿದ ಯಾವ ಅಧಿಕಾರಿಯೂ "ಕೆಲಸದ ನಡುವೆಯೇ ಮಾಡಿಕೊಳ್ಳಲಿ" ಎನ್ನಲಾರರು. ಹಳೆಯ ಪತ್ರಿಕೆ ಪೇರಿಸಿಟ್ಟ ಕೋಣೆಯನ್ನು ಗುಡಿಸಿ, ಒಂದು ಮೇಜು ಹಾಕಿದರೂ ಆದೀತು.

ಒಬ್ಬರೇ ಇರುವ ಗ್ರಂಥಾಲಯದ ಗತಿಯೇನು? ಪಂಚಾಯಿತಿ ಗ್ರಂಥಾಲಯಗಳಲ್ಲಿ ಬೀಗ ತೆಗೆಯುವವರಿಂದ ಕಸ ಗುಡಿಸುವವರವರೆಗೆ ಒಬ್ಬರೇ ಮೇಲ್ವಿಚಾರಕರು. ಅಲ್ಲಿ "ಬದಲಿ ಸಿಬ್ಬಂದಿ" ಎಂದು ಬರೆಯುವುದು ತಮಾಷೆಯಾದೀತು. ಬದಲಿಗೆ ವಾರಕ್ಕೊಮ್ಮೆ 45 ನಿಮಿಷ ಪುಸ್ತಕ ವಿತರಣೆ ಇರುವುದಿಲ್ಲ, ಓದುವ ಕೋಣೆ ಮಾತ್ರ ತೆರೆದಿರುತ್ತದೆ ಎಂದು ಬಾಗಿಲ ಮೇಲೆ ಒಂದು ವಾರ ಮೊದಲೇ ಫಲಕ ಹಾಕಿಸಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಸಹಿ ಅದರ ಮೇಲಿರಲಿ. ಸಹಿ ಇಲ್ಲದಿದ್ದರೆ ಬೈಗುಳ ಮೇಲ್ವಿಚಾರಕರ ಪಾಲಿಗೆ.

ಐದನೆಯದನ್ನು ಬೆಂಗಳೂರಿನಲ್ಲಿ ಕೂತು ಸುತ್ತೋಲೆ ಬರೆಯುವವರು ಮರೆಯುತ್ತಾರೆ: ಮಳೆ. ನಮ್ಮ ಹಾಸನ ಜಿಲ್ಲೆ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಅರಸೀಕೆರೆಯಲ್ಲಿ ಜುಲೈ ತಿಂಗಳು ಸುಸೂತ್ರವಾಗಿ ಕಳೆಯಬಹುದು. ಅದೇ ಜುಲೈಯಲ್ಲಿ ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಹಾನುಬಾಳು ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದೆ, ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಎರಡೂ ಕಡೆಗೆ ಒಂದೇ ಕೊನೆಯ ದಿನಾಂಕ ಹಾಕಬೇಡಿ. ಮಲೆನಾಡಿನ ಶಾಖೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಗಡುವೂ ಬೇಡ. ಹಾಸನ ನಗರದವರಿಗೆ ಹಾಸನಾಂಬೆಯ ದರ್ಶನದ ದಿನಗಳನ್ನು ಬಿಟ್ಟುಬಿಡಿ. ಆ ಜನಜಂಗುಳಿಯಲ್ಲಿ ಕೆಲಸಕ್ಕೆ ಬಂದು ತಲುಪುವುದೇ ಒಂದು ತರಬೇತಿ. ಕಾಲೇಜು ಗ್ರಂಥಾಲಯವಾದರೆ ಪರೀಕ್ಷೆಯ ತಿಂಗಳು, ಪುಸ್ತಕ ತಪಾಸಣೆಯ ವಾರ ಇವೂ ಹೊರಗಿರಲಿ. ಇಷ್ಟೆಲ್ಲ ಕಳೆದರೂ ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ ಬೇಕಾದಷ್ಟು ಬುಧವಾರಗಳು ಉಳಿಯುತ್ತವೆ.

ಈ ಐದನ್ನೂ ಸೇರಿಸಿ ಬರೆದರೆ ಹೀಗಾಗುತ್ತದೆ. ಬೇಕಾದವರು ನಕಲು ಮಾಡಿಕೊಳ್ಳಬಹುದು:

"ಆನ್‌ಲೈನ್ ತರಬೇತಿಯ ಅವಧಿಯನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸಲಾಗುವುದು. ಪ್ರತಿ ಬುಧವಾರ ಮಧ್ಯಾಹ್ನ 2.30ರಿಂದ 3.15ರವರೆಗೆ, ಸರದಿಯಲ್ಲಿರುವ ಸಿಬ್ಬಂದಿಗೆ ಬೇರಾವ ಕೆಲಸವನ್ನೂ ವಹಿಸತಕ್ಕದ್ದಲ್ಲ. ಆ ಅವಧಿಯಲ್ಲಿ ಕೌಂಟರಿನ ಹೊಣೆ ಹೊರುವವರ ಹೆಸರನ್ನು ಹಿಂದಿನ ಶನಿವಾರವೇ ಪ್ರಕಟಿಸಲಾಗುವುದು. ಕೌಂಟರಿನಲ್ಲಿ ಕೂತು ತರಬೇತಿ ಪಡೆಯುವುದನ್ನು ನಿಷೇಧಿಸಲಾಗಿದೆ. ವಾರದ ರಜೆಯಂದು ತರಬೇತಿ ನಡೆದರೆ ಅದೇ ವಾರ ಬದಲಿ ರಜೆ ನೀಡಲಾಗುವುದು. ವಿದ್ಯುತ್ ಅಥವಾ ನೆಟ್‌ವರ್ಕ್ ಇಲ್ಲದೆ ತಪ್ಪಿದ ತರಬೇತಿಯನ್ನು ಸಿಬ್ಬಂದಿಯ ಲೋಪವೆಂದು ಎಣಿಸತಕ್ಕದ್ದಲ್ಲ."

ಹೆಜ್ಜೆ 3: ಖರ್ಚು, ಸಲಕರಣೆ

ಸಾಧಾರಣ ಗುಣಮಟ್ಟದ ವಿಡಿಯೊಗೂ ಗಂಟೆಗೆ ಸುಮಾರು ಅರ್ಧ ಜಿಬಿ ಡೇಟಾ ಬೇಕು. ಅದು ಸಂಸ್ಥೆಯ ಖರ್ಚು. ಸ್ವಂತ ಮೊಬೈಲ್ ಬಳಸುವಂತೆ ಯಾರನ್ನೂ ಒತ್ತಾಯಿಸಬಾರದು. ಬಳಸಿದವರಿಗೆ ಡೇಟಾ ಹಣ ಕೊಡಬೇಕು. ಹೆಡ್‌ಫೋನ್ ಕೊಳ್ಳುವಾಗ ಬಸ್ ನಿಲ್ದಾಣದ ಪಕ್ಕದ ನೂರು ರೂಪಾಯಿಯ ಮಾಲಿಗೆ ಮರುಳಾಗಬೇಡಿ. ತಿಂಗಳೊಳಗೆ ಒಂದು ಕಿವಿ ಸಾಯುತ್ತದೆ. ತಂತಿಯಿರುವ, ಕಿವಿ ಮುಚ್ಚುವ ಮೆತ್ತೆಯ ಎರಡು ಹೆಡ್‌ಫೋನ್ ತಂದು ಪರಿಕರಗಳ ವಹಿಗೆ ಹತ್ತಿಸಿ. ಬ್ಲೂಟೂತ್ ಬೇಡವೇ ಬೇಡ.

ಪರೀಕ್ಷಾ ಶುಲ್ಕವನ್ನು ಮೊದಲ ಸಲ ಸಂಸ್ಥೆ ಕೊಡಲಿ, ಅನುತ್ತೀರ್ಣರಾದರೆ ಎರಡನೇ ಸಲ ಅವರೇ ಕಟ್ಟಲಿ.

ಹೆಜ್ಜೆ 4: ಯಾವ ತರಬೇತಿಗೆ ಮಾನ್ಯತೆ?

ಕೊರೊನಾ ಕಾಲದ ವೆಬಿನಾರ್‌ಗಳು ನೆನಪಿರಬೇಕಲ್ಲವೇ? ಪ್ರತಿಕ್ರಿಯೆಯ ಫಾರಂ ತುಂಬಿದರೆ ಬಣ್ಣಬಣ್ಣದ ಅಂಚಿನ "ಅಂತರರಾಷ್ಟ್ರೀಯ" ಪ್ರಮಾಣಪತ್ರ ಇಮೇಲಿಗೆ ಬರುತ್ತಿತ್ತು. ಭಾಷಣ ಕೇಳಿದಿರೋ ಇಲ್ಲವೋ ಎಂದು ವಿಚಾರಿಸುವವರಿರಲಿಲ್ಲ. ಆ ಅಭ್ಯಾಸ ಇನ್ನೂ ಹೋಗಿಲ್ಲ. "ಜೀವಮಾನದ ಸದಸ್ಯತ್ವ, ಐವತ್ತು ಕೋರ್ಸು" ಎಂದು ಫೋನು ಮಾಡುವವರಿಗಂತೂ ಸಂಸ್ಥೆಯ ದುಡ್ಡು ಕೊಡಲೇಬೇಡಿ.

ಮಾನ್ಯತೆಯ ಪಟ್ಟಿ ಚಿಕ್ಕದಿರಲಿ. ಕೇಂದ್ರ ಸರ್ಕಾರದ "ಸ್ವಯಂ" ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ಪಾಠ ಕೇಳುವುದು ಉಚಿತ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಸರ್ಕಾರಿ ನೌಕರರಿಗೆ ಐಗಾಟ್ ಕರ್ಮಯೋಗಿ ಎಂಬ ಆನ್‌ಲೈನ್ ತರಬೇತಿಯ ವೇದಿಕೆ ಇದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ತರಬೇತಿಗಳು ಕಾಲೇಜು ಗ್ರಂಥಾಲಯದವರಿಗೆ ಒಗ್ಗುತ್ತವೆ; ಸೋಲ್ ತಂತ್ರಾಂಶ ಅಲ್ಲಿಯದೇ. ಇವುಗಳ ಹೊರಗಿನದಕ್ಕೆ ಗ್ರಂಥಪಾಲಕರ ಪೂರ್ವಾನುಮತಿ ಬೇಕು ಎಂದು ಒಂದು ಸಾಲು ಸೇರಿಸಿ.

ಹೆಜ್ಜೆ 5: ಕಲಿತರೋ ಇಲ್ಲವೋ?

ಪ್ರಮಾಣಪತ್ರ ಪಕ್ಕಕ್ಕಿಟ್ಟು, ಕೆಲಸ ಮಾಡಿಸಿ ನೋಡಿ. ಸೂಚೀಕರಣದ ತರಬೇತಿ ಮುಗಿಸಿದವರ ಕೈಗೆ ಕನ್ನಡದ ಐದು ಪುಸ್ತಕ ಕೊಟ್ಟು ತಂತ್ರಾಂಶಕ್ಕೆ ಹತ್ತಿಸಲು ಹೇಳಿ, ಆಮೇಲೆ ನೀವೇ ಹುಡುಕಿ. ಶೀರ್ಷಿಕೆ ಯೂನಿಕೋಡಿನಲ್ಲಿ ಬೆರಳಚ್ಚಾಗಿರದೆ ಹಳೆಯ ಅಕ್ಷರವಿನ್ಯಾಸದಲ್ಲಿ (ಫಾಂಟ್) ಇದ್ದರೆ ಪುಸ್ತಕ ಕಪಾಟಿನಲ್ಲಿದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ. ಲೇಖಕರ ಹೆಸರನ್ನೂ ನೋಡಿ. ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ.ವಿ. ಪುಟ್ಟಪ್ಪ, ಮತ್ತೊಂದು ಕಡೆ ಪುಟ್ಟಪ್ಪ ಕೆ.ವಿ. ಎಂದಿದ್ದು, ನಡುವೆ ಕೊಂಡಿಯಿಲ್ಲದಿದ್ದರೆ ಓದುಗರಿಗೆ ಮೂವರು ಲೇಖಕರು ಕಾಣಿಸುತ್ತಾರೆ. ಇದನ್ನು ಸರಿಪಡಿಸಿದವರಿಗೆ ತರಬೇತಿ ದಕ್ಕಿದೆ. ಆಗಿಲ್ಲವೆಂದರೆ ನೋಟಿಸು ಕೊಡಬೇಡಿ, ಇನ್ನೆರಡು ಬುಧವಾರ ಕೊಡಿ.

ಹೆಜ್ಜೆ 6: ಪಾಸ್‌ವರ್ಡ್, ಓದುಗರ ಮಾಹಿತಿ

ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ. ಎಲ್ಲರ ಪಾಸ್‌ವರ್ಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಡುವ ಪದ್ಧತಿ ನಿಲ್ಲಲಿ. ತರಬೇತಿಯ ನಡುವೆ ಪರದೆ ಹಂಚಿಕೊಳ್ಳುವಾಗ ಓದುಗರ ಹೆಸರು, ಫೋನ್ ಸಂಖ್ಯೆ ಕಾಣಿಸಬಾರದು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾಯ್ದೆ ಬಂದಿದೆ.

ಹೆಜ್ಜೆ 7: ಸಹಿ, ಜಾರಿ

ಕರಡನ್ನು ಸಿಬ್ಬಂದಿ ಸಭೆಯಲ್ಲಿ ಗಟ್ಟಿಯಾಗಿ ಓದಿ. ಅಟೆಂಡರ್ ಕೂಡ ಇರಲಿ. ಸರದಿ ಪಟ್ಟಿಯ ತಪ್ಪು ಮೊದಲು ಕಾಣುವುದು ಅವರಿಗೆ. ಸರ್ಕಾರಿ ಗ್ರಂಥಾಲಯವಾದರೆ ಸೇವಾ ನಿಯಮ ಬದಲಿಸುವ ಅಧಿಕಾರ ನಿಮಗಿಲ್ಲ, ನೀವು ಬರೆಯುತ್ತಿರುವುದು ಕಚೇರಿ ಆದೇಶ. ಆದ್ದರಿಂದ ಟಿಪ್ಪಣಿ ಹಾಕಿ ಮೇಲಧಿಕಾರಿಯ ಅನುಮೋದನೆ ಪಡೆಯಿರಿ. ಕಾಲೇಜಿನಲ್ಲಿ ಪ್ರಾಂಶುಪಾಲರ ಸಹಿ, ಗ್ರಂಥಾಲಯ ಸಮಿತಿಯ ನಡಾವಳಿಯಲ್ಲಿ ಒಂದು ಸಾಲು ಸಾಕು. ಜಾರಿಯ ದಿನಾಂಕವನ್ನೂ ಮರುಪರಿಶೀಲನೆಯ ದಿನಾಂಕವನ್ನೂ ಒಟ್ಟಿಗೇ ಬರೆಯಿರಿ. ಹೊಸದನ್ನು ಅಂಟಿಸುವ ಮೊದಲು ಫಲಕದಲ್ಲಿರುವ ಹಳೆಯ ಸುತ್ತೋಲೆಯನ್ನು ಕಿತ್ತು ಕಡತಕ್ಕೆ ಹಾಕಿ. ಎರಡೂ ಅಕ್ಕಪಕ್ಕ ಇದ್ದರೆ ಆಡಳಿತದವರು ತಮಗೆ ಅನುಕೂಲವಾದದ್ದನ್ನೇ ತೋರಿಸುತ್ತಾರೆ.