ಜಿ13ಬಿಬಿಗೆ ಟರ್ಬೊ: ಮೊದಲು ಪೆಟ್ರೋಲ್ ಲೆಕ್ಕ, ಬೂಸ್ಟ್ ಆಮೇಲೆ

ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ, ಕೂರಿಸಿದ ಗಾಡಿಯ ಬಾನೆಟ್ ಎತ್ತಿದರೆ ಹುಬ್ಬಳ್ಳಿಯಲ್ಲಿ ಬರುವ ಮೊದಲ ಪ್ರಶ್ನೆ, "ಬೂಸ್ಟ್ ಎಷ್ಟ ಇಟ್ಟೀರಿ?" ಬೂಸ್ಟ್ ಅಂದರೆ ಹೊರಗಿನ ಗಾಳಿಯ ಮೇಲೆ ಟರ್ಬೊ ಕೂಡಿಸುವ ಒತ್ತಡ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನಿಮಿಷಕ್ಕೆ ಎಷ್ಟು ಸಿಸಿಯದು ಅಂತ ಕೇಳುವವರು ಅಪರೂಪ. ಪಿಸ್ಟನ್ ಉಳಿಯುತ್ತದೋ ಇಲ್ಲವೋ ಅನ್ನುವುದು ಮಾತ್ರ ಈ ಕೇಳದ ಪ್ರಶ್ನೆಯ ಮೇಲೇ ನಿಂತಿದೆ. ನಾನು ಹೊಂದಿಸಿದ್ದು ಮಾರುತಿ ಎಸ್ಟೀಮ್ ಕಾರಿನ 1298 ಸಿಸಿ ಜಿ13ಬಿಬಿ ಎಂಜಿನ್. ಪಿಸ್ಟನ್, ರಾಡ್ ಕಂಪನಿಯವೇ, ಬೂಸ್ಟ್ 0.5 ಬಾರ್. ಗಾಡಿ ಓಟದ (ಆಟೋಕ್ರಾಸ್) ಮೈದಾನಕ್ಕೆ ಮಾತ್ರ. ರಸ್ತೆಗಿಳಿಯುವ ಗಾಡಿಗೆ ಇಂಥ ಬದಲಾವಣೆ ಮಾಡಿದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ; 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಇದೆ.

ಕಂಪನಿಯಿಂದಲೇ ಟರ್ಬೊ ಇರುವ ಗಾಡಿಯಾದರೆ ಹೆಚ್ಚು ಯೋಚಿಸಬೇಕಿಲ್ಲ, ಇರುವ ಇಸಿಯು (ಪೆಟ್ರೋಲ್, ಕಿಡಿ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸುವುದೇ, ಅಂದರೆ ಅದರೊಳಗಿನ ಲೆಕ್ಕ ತಿದ್ದಿಸುವುದೇ ಸರಿ. ಟರ್ಬೊ ಇಲ್ಲದ ಎಂಜಿನ್‌ಗೆ ಹೊಸದಾಗಿ ಕೂರಿಸುವಾಗ ಮೂರು ದಾರಿ ಎದುರಿಗೆ ಬರುತ್ತವೆ. ಬೂಸ್ಟ್ ಏರಿದಂತೆ ಪೆಟ್ರೋಲ್ ಒತ್ತಡವನ್ನು ಹಲವು ಪಟ್ಟು ಏರಿಸುವ ಎಫ್‌ಎಮ್‌ಯು ಎಂಬ ವಾಲ್ವ್ ಅಗ್ಗ. ಆದರೆ ಅದು ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಮುಟ್ಟುವುದಿಲ್ಲ, ಹಳೆಯ ಪಂಪಿಗೆ ಅಷ್ಟು ಒತ್ತಡ ಎಬ್ಬಿಸುವ ತಾಕತ್ತೂ ಇರುವುದಿಲ್ಲ. ಇಸಿಯು ಜೊತೆ ಸೇರಿಸುವ ಪಿಗ್ಗಿಬ್ಯಾಕ್ ಪೆಟ್ಟಿಗೆ ಸೆನ್ಸರ್‌ನ ಸಿಗ್ನಲ್ ತಿರುಚಿ ಇಸಿಯುವನ್ನು ಏಮಾರಿಸುತ್ತದೆ. ಕ್ರೂಸ್‌ನಲ್ಲಿ, ಅಂದರೆ ಒಂದೇ ವೇಗದಲ್ಲಿ ಹಗುರಾಗಿ ಓಡುವಾಗ, ಆಕ್ಸಿಜನ್ ಸೆನ್ಸರ್ ಅದನ್ನು ಪತ್ತೆ ಹಚ್ಚಿ ತಿದ್ದುಪಡಿಯನ್ನು ಅಳಿಸಿಹಾಕುತ್ತದೆ. ಹಾಗಾಗಿ ನಾನು ಮೂರನೆಯದನ್ನು, ಕಂಪನಿಯ ಇಸಿಯು ಬದಲಿಗೆ ಬೇರೆಯದೇ ಹಾಕುವ ಸ್ಟ್ಯಾಂಡ್‌ಅಲೋನ್ ದಾರಿ ಹಿಡಿದೆ: ಸ್ಪೀಡುಯಿನೊ ಬೋರ್ಡ್, ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ಒಟ್ಟು ಒತ್ತಡವನ್ನು 250 ಕೆಪಿಎವರೆಗೆ (100 ಕೆಪಿಎ ಅಂದರೆ 1 ಬಾರ್) ಅಳೆಯುವ ಮ್ಯಾಪ್ ಸೆನ್ಸರ್, ಲ್ಯಾಪ್‌ಟಾಪಿನಲ್ಲಿ ತಿದ್ದುವ ಸಾಫ್ಟ್‌ವೇರ್ ಟ್ಯೂನರ್‌ಸ್ಟುಡಿಯೊ. ದುಬಾರಿ ಇಸಿಯು ತರಿಸಿ, ಸಣ್ಣ ತಿದ್ದುಪಡಿಗೂ ಬೆಂಗಳೂರಿನ ಟ್ಯೂನರ್ ದಾರಿ ಕಾಯುವುದಕ್ಕಿಂತ ನಮ್ಮ ಕೈಯಲ್ಲೇ ತಿದ್ದಲಾಗುವ ಬೋರ್ಡ್ ಮೇಲು.

ಇಂಜೆಕ್ಟರ್ ಲೆಕ್ಕ ಕಾಗದದ ಮೇಲೇ ಮುಗಿಯಬೇಕು. ಗುರಿ 120 ಎಚ್‌ಪಿ. ಟರ್ಬೊ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 272 ಗ್ರಾಂ ಪೆಟ್ರೋಲ್ ಕೇಳುತ್ತದೆ ಅಂತ ಹಿಡಿದರೆ ಒಟ್ಟು 32.6 ಕೆಜಿ, ಅಂದರೆ ಹತ್ತಿರ ಹತ್ತಿರ 44 ಲೀಟರ್. ನಿಮಿಷಕ್ಕೆ 730 ಸಿಸಿ, ನಾಲ್ಕು ಸಿಲಿಂಡರಿಗೆ ಹಂಚಿದರೆ ತಲಾ 183. ಡ್ಯೂಟಿ, ಅಂದರೆ ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು, 80 ಪ್ರತಿಶತ ದಾಟಬಾರದು, ಆದ್ದರಿಂದ 228. ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಇನ್ನೂ 9 ಪ್ರತಿಶತ ಸೇರಿಸಿದರೆ 250. ನಾನು ಹಾಕಿದ್ದು 3 ಬಾರ್‌ಗೆ 310 ಸಿಸಿ ಕೊಡುವ, 12 ಓಮ್‌ಗಿಂತ ಹೆಚ್ಚಿನ ರೆಸಿಸ್ಟೆನ್ಸ್‌ನ ಇಂಜೆಕ್ಟರ್. ಕಡಿಮೆ ಓಮ್‌ನದು ಹಾಕಿದರೆ ಬೋರ್ಡಿನ ಡ್ರೈವರ್ ಸುಡುತ್ತದೆ.

ಪೆಟ್ರೋಲ್ ಒತ್ತಡ ಹಿಡಿದಿಡುವ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡಿನಿಂದ ಪೈಪ್ ಬರಲೇಬೇಕು. ಆಗ ಬೂಸ್ಟ್ ಏರಿದಷ್ಟೇ ಪೆಟ್ರೋಲ್ ಒತ್ತಡವೂ ಏರಿ, ಇಂಜೆಕ್ಟರ್‌ನ ಎರಡೂ ತುದಿಗಳ ನಡುವಿನ ವ್ಯತ್ಯಾಸ 3 ಬಾರ್‌ನಲ್ಲೇ ನಿಲ್ಲುತ್ತದೆ. ದೊಡ್ಡದಿರಲಿ ಅಂತ ಗಂಟೆಗೆ 255 ಲೀಟರ್ ಎತ್ತುವ ಪಂಪ್ ಹಾಕುವವರು ರಿಟರ್ನ್ ಪೈಪ್ ನೋಡುವುದಿಲ್ಲ. ಅದು ಸಣ್ಣದಿದ್ದರೆ ಐಡಲ್‌ನಲ್ಲಿ ಪೆಟ್ರೋಲ್ ವಾಪಸ್ ಹೋಗಲಾರದೆ ಒತ್ತಡ ತಾನಾಗಿ ಏರಿ ಕೂರುತ್ತದೆ, ಮ್ಯಾಪ್ (ಇಸಿಯು ಒಳಗಿನ ಪೆಟ್ರೋಲ್, ಟೈಮಿಂಗ್ ಕೋಷ್ಟಕ) ಎಷ್ಟು ತಿದ್ದಿದರೂ ಐಡಲ್ ರಿಚ್ಚೇ, ಅಂದರೆ ಪೆಟ್ರೋಲ್ ಹೆಚ್ಚೇ. ರೆಗ್ಯುಲೇಟರ್‌ಗೆ ಬರುವ ಆ ವ್ಯಾಕ್ಯೂಮ್ ಪೈಪ್ ಬಿಚ್ಚಿ ಗೇಜ್ ನೋಡಿ, 3 ಬಾರ್ ತೋರಿಸದಿದ್ದರೆ ಮುಂದೆ ಹೋಗಬೇಡಿ. ಪಂಪಿಗೆ ಬ್ಯಾಟರಿಯಿಂದ ನೇರ 2.5 ಚದರ ಮಿಮೀ ವೈರ್, ರಿಲೇ, 15 ಆಂಪ್ ಫ್ಯೂಸ್. ಹಳೆಯ ರಬ್ಬರ್ ಹೋಸ್ ಎಥನಾಲ್‌ಗೆ ಉಬ್ಬುತ್ತದೆ, ಪೂರ್ತಿ ಬದಲಿಸಿ.

ಬಂಕಿನ ಪೆಟ್ರೋಲ್ ಪರೀಕ್ಷೆಗೆ 100 ಮಿಲೀ ಅಳತೆ ಜಾಡಿ ಸಾಕು. 80 ಮಿಲೀ ಪೆಟ್ರೋಲ್, 20 ಮಿಲೀ ನೀರು ಹಾಕಿ ಕುಲುಕಿ ಬಿಡಿ. ಎಥನಾಲ್ ನೀರಿಗೆ ಸೇರಿಕೊಂಡು ಕೆಳಗಿನ ಪದರ 35ರ ಆಸುಪಾಸಿಗೆ ಬಂದರೆ ಅದು ಇ20. ಇದೇ ಕಾರಣಕ್ಕೆ ಹೊಗೆಯಿಂದ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಗೇಜನ್ನು ಶುದ್ಧ ಪೆಟ್ರೋಲಿನ 14.7ರ ಲೆಕ್ಕದಲ್ಲಿ ಓದುವುದು ಬಿಟ್ಟು ಲ್ಯಾಂಬ್ಡಾದಲ್ಲಿ ಓದಬೇಕು. ಇ20ಗೆ ಸಮತೋಲನದ ಅನುಪಾತ 13.5 ಹತ್ತಿರ; ಸಮತೋಲನದ ಲ್ಯಾಂಬ್ಡಾ ಮಾತ್ರ ಯಾವ ಪೆಟ್ರೋಲಿಗೂ 1. ಅದಕ್ಕಿಂತ ಕಡಿಮೆಯಿದ್ದರೆ ರಿಚ್, ಹೆಚ್ಚಿದ್ದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ.

ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ತಿಳಿಯಲು ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ (36ರಲ್ಲಿ ಒಂದು ಹಲ್ಲು ಬಿಟ್ಟ) ಚಕ್ರ ಬೇಕು. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಳ್ಳೆಯ ಲೇತ್ ಕೈ ಸಿಕ್ಕರೆ ಇದು ಕಷ್ಟದ ಕೆಲಸವಲ್ಲ. ಚಕ್ರ ಓಲಾಡದೆ ತಿರುಗಬೇಕು, ಸೆನ್ಸರ್ ಗ್ಯಾಪ್ 0.8ರಿಂದ 1 ಮಿಮೀ. ಶೀಲ್ಡ್ ವೈರ್‌ಗೆ ಒಂದೇ ತುದಿಯಲ್ಲಿ ಅರ್ತ್ ಕೊಡಿ. ಆಮೇಲೆ ಸಾಫ್ಟ್‌ವೇರಿನಲ್ಲಿ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ ಟೈಮಿಂಗ್ ಲೈಟ್ ಹಿಡಿಯಿರಿ. ಐಡಲ್‌ನಲ್ಲಿ ಸರಿಯಿದ್ದು 4000 ಆರ್‌ಪಿಎಮ್‌ನಲ್ಲಿ ಗುರುತು ಸರಿದರೆ ಸೆನ್ಸರ್‌ನ ಎರಡು ವೈರ್ ಅದಲುಬದಲಾಗಿವೆ ಎಂಬ ಅನುಮಾನ ಮೊದಲು ಬರಲಿ. ಇದು ಕೂಡಿಬರುವ ತನಕ ಟರ್ಬೊಗೆ ಲೋಡ್ ಕೊಡಲೇಬಾರದು. ಇಲ್ಲದಿದ್ದರೆ ಪರದೆ 16 ಡಿಗ್ರಿ ಅನ್ನುತ್ತಿರುತ್ತದೆ, ಎಂಜಿನ್ ಒಳಗೆ ಕಿಡಿ 22ಕ್ಕೆ ಬೀಳುತ್ತಿರುತ್ತದೆ.

ಮ್ಯಾಪ್ ತುಂಬುವಾಗ ಇಂಜೆಕ್ಟರ್‌ನ ಡೆಡ್ ಟೈಮ್, ಅಂದರೆ ಕರೆಂಟ್ ಕೊಟ್ಟ ಮೇಲೆ ಅದು ತೆರೆಯಲು ಹಿಡಿಯುವ ಹೊತ್ತು, ಮೊದಲು. ಐಡಲ್‌ನಲ್ಲಿ ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್ ಎರಡೂ ಹಾಕಿ. ವೋಲ್ಟೇಜ್ ಕುಸಿದಾಗ ಲ್ಯಾಂಬ್ಡಾ ಅಲುಗಬಾರದು. ಲೀನ್ ಕಡೆ ಓಡಿದರೆ ವೋಲ್ಟೇಜ್ ತಿದ್ದುಪಡಿ ಸಾಲದು. ಇದನ್ನು ಬಿಟ್ಟು ವಿಇ ಟೇಬಲ್ (ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಅನ್ನುವ ಕೋಷ್ಟಕ) ತಿದ್ದುತ್ತ ಕೂತರೆ ಹಗಲಿನ ಮ್ಯಾಪ್ ರಾತ್ರಿ ತಪ್ಪುತ್ತದೆ. ನನ್ನ ಲ್ಯಾಂಬ್ಡಾ ಗುರಿಗಳು ಹೀಗಿವೆ: ಕ್ರೂಸ್‌ನಲ್ಲಿ 1.0, ಬೂಸ್ಟ್ ಶುರುವಾಗುವಲ್ಲಿ 0.88, 145 ಕೆಪಿಎಗೆ 0.80. ಬೂಸ್ಟ್‌ನಲ್ಲಿ ಹಠಾತ್ ಲೀನ್ ತೋರಿಸಿ ಗಾಡಿ ಜಗ್ಗಿದರೆ ಪೆಟ್ರೋಲ್ ಸೇರಿಸುವ ಮೊದಲು ಪ್ಲಗ್ ನೋಡಿ. ಕಿಡಿ ತಪ್ಪಿದಾಗ ಸುಡದ ಆಮ್ಲಜನಕ ಸೈಲೆನ್ಸರ್‌ಗೆ ಬಂದು ಗೇಜ್ ಲೀನ್ ಅನ್ನುತ್ತದೆ, ಅದಕ್ಕೆ ಪೆಟ್ರೋಲ್ ಹೆಚ್ಚಿಸಿದರೆ ಕಿಡಿ ಇನ್ನಷ್ಟು ತಪ್ಪುತ್ತದೆ. ಒಂದು ಹಂತ ತಣ್ಣನೆಯ ಪ್ಲಗ್, 0.65 ಮಿಮೀ ಗ್ಯಾಪ್ ಇದಕ್ಕೆ ಮದ್ದು.

ಟೈಮಿಂಗ್ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. 145 ಕೆಪಿಎ ಸಾಲಿನಲ್ಲಿ 14 ಡಿಗ್ರಿಯಿಂದ ಹೊರಟು ಒಂದೊಂದೇ ಡಿಗ್ರಿ ಏರಿಸಿ. ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಬಡಿಯುವುದು) ಹಿಡಿಯಲು ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್‌ನ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತಿರಿ. 74 ಮಿಮೀ ಬೋರ್‌ಗೆ ನಾಕಿಂಗ್ ಸುಮಾರು 7.7 ಕಿಲೋಹರ್ಟ್ಸ್ ಬಳಿ ಬರುತ್ತದೆ, ಫಿಲ್ಟರ್ ಅಲ್ಲಿಗೆ ಕೂರಿಸಿ.

ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಗಾಳಿಯ ತಾಪ ಅಳೆಯುವ ಸೆನ್ಸರ್ ತಾನೇ ಕಾದು 65 ಡಿಗ್ರಿ ಅನ್ನುತ್ತದೆ. ಒಳಬರುವ ಗಾಳಿ ಅಷ್ಟು ಬಿಸಿ ಇರದಿದ್ದರೂ ಇಸಿಯು ಪೆಟ್ರೋಲ್ ಕಡಿದು ಎಂಜಿನ್ ಕೆಮ್ಮುತ್ತದೆ. ಸೆನ್ಸರ್ ಮ್ಯಾನಿಫೋಲ್ಡಿನಲ್ಲಿ ಬೇಡ, ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ದಾಟಿದ ಪೈಪಿನಲ್ಲಿರಲಿ. ನವಲಗುಂದದ ಕಡೆಯ ಎರೆ ಧೂಳಿನಲ್ಲಿ ಓಡಿಸುವವರು ಜಾಳು ಜಾಳಾದ ಸ್ಪೋರ್ಟ್ಸ್ ಫಿಲ್ಟರ್ ಮರೆತುಬಿಡಿ, ಕಂಪ್ರೆಸರ್ ರೆಕ್ಕೆ ಸವೆಯುತ್ತದೆ.

ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರ್‌ಗೂ ಮೇಲಿದೆ, ಇಲ್ಲಿನ ವಾಯು ಒತ್ತಡ 94 ಕೆಪಿಎ ಆಸುಪಾಸು. ಬೂಸ್ಟ್ ಮಿತಿ ಮೀರದಂತೆ ತಡೆಯುವ ವೇಸ್ಟ್‌ಗೇಟ್ ಸ್ಪ್ರಿಂಗ್ ಹೊರಗಿನ ಒತ್ತಡದ ಮೇಲೆ 50 ಕೂಡಿಸುತ್ತದೆ, ಹಾಗಾಗಿ ಇಲ್ಲಿ 144ಕ್ಕೆ ನಿಲ್ಲುತ್ತದೆ. ಅದೇ ಗಾಡಿಯನ್ನು ಲಾರಿ ಮೇಲೆ ಹೇರಿ ಅರಬೈಲ್ ಘಟ್ಟ ಇಳಿಸಿ ಕರಾವಳಿಯ ಮೈದಾನಕ್ಕೆ ಒಯ್ದರೆ 151. ಹುಬ್ಬಳ್ಳಿಯಲ್ಲಿ ಎಂಜಿನ್ ಎಂದೂ ಮುಟ್ಟದ ಸಾಲು ಅದು. ಅದಕ್ಕೇ 155, 160ರ ಸಾಲುಗಳನ್ನು ಮನೆಯಲ್ಲೇ 0.78 ಲ್ಯಾಂಬ್ಡಾ ಲೆಕ್ಕಕ್ಕೆ, ಎರಡು ಡಿಗ್ರಿ ಟೈಮಿಂಗ್ ಇಳಿಸಿ ತುಂಬಿಡುತ್ತೇನೆ. ಬೂಸ್ಟ್ ಅತಿಯಾದರೆ ಎಂಜಿನ್ ತಡೆಯುವ ಓವರ್‌ಬೂಸ್ಟ್ ಕಟ್ 165ಕ್ಕೆ.