ಈ ಮನೆಯಲ್ಲಿ ಎಷ್ಟು ಒಲೆ?

2021ರಲ್ಲಿ ನಾನು ಉಡುಪಿ ಹತ್ತಿರದ ನಮ್ಮ ಗ್ರಾಮದ ಪಂಚಾಯತ್ ಸದಸ್ಯೆಯಾದಾಗ ಒಂದು ತಪ್ಪು ಮಾಡಿದೆ. ಅರ್ಜಿ ತಂದುಕೊಟ್ಟವರ ಹೆಸರನ್ನಷ್ಟೇ ವಸತಿ ರಹಿತರ ಪಟ್ಟಿಗೆ ಸೇರಿಸಿದೆ. ತರದವರನ್ನು ಹುಡುಕಿಕೊಂಡು ಹೋಗಲಿಲ್ಲ.

ಆ ಮಳೆಗಾಲದಲ್ಲಿ ವಾರ್ಡ್ ಸುತ್ತುವಾಗ ಒಂದು ಮನೆಯ ಜಗಲಿ ಕಣ್ಣಿಗೆ ಬಿತ್ತು. ಮೂರೂ ಕಡೆ ಟರ್ಪಾಲು ಕಟ್ಟಿತ್ತು. ಒಳಗೆ ಗಂಡ ತೀರಿಹೋದ ಒಬ್ಬರು, ಇಬ್ಬರು ಮಕ್ಕಳು. ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ನೆಲದಲ್ಲಿಟ್ಟರೆ ಒದ್ದೆಯಾಗುತ್ತದೆ ಅಂತ ಶಾಲೆಯ ಪುಸ್ತಕಗಳನ್ನು ಅಕ್ಕಿಚೀಲಕ್ಕೆ ಹಾಕಿ ಪಕಾಸಿಗೆ ನೇತುಹಾಕಿದ್ದರು.

"ಅರ್ಜಿ ಯಾಕೆ ಕೊಡಲಿಲ್ಲ?" ಅಂತ ಕೇಳಿದೆ.

"ಕೊಟ್ಟು ಎಂತ ಮಾಡುವುದು ಅಕ್ಕಾ? ನಮಗೆ ಮನೆ ಉಂಟಂತೆ."

ನಿಜವೇ. ಅವರ ಹೆಸರು ಅಣ್ಣನ ರೇಷನ್ ಕಾರ್ಡಿನಲ್ಲಿತ್ತು, ಮನೆ ತೆರಿಗೆ ಅಣ್ಣನ ಹೆಸರಲ್ಲಿತ್ತು. ಕಾಗದದಲ್ಲಿ ಅವರು ಮನೆ ಇದ್ದವರು! ನಮ್ಮ ಕಡೆ ಇಂಥವರೇ ಜಾಸ್ತಿ.

ಮೊದಲು ರೇಷನ್ ಕಾರ್ಡ್ ಬೇರೆ ಮಾಡಿಸಿದೆವು. ಗಂಡನ ಮರಣ ಪ್ರಮಾಣಪತ್ರ, ಆಧಾರ್, ಆದಾಯ ಪ್ರಮಾಣಪತ್ರ ಹಿಡಿದುಕೊಂಡು ಮೂರು ಸಲ ಅಲೆದೆವು. ಪರಿಶೀಲನೆಗೆ ಬಂದವರಿಗೆ ನಾನು ತೋರಿಸಿದ್ದು ಆ ಮೂರು ಕಲ್ಲನ್ನು. ಬೇರೆ ಒಲೆ ಅಂದರೆ ಬೇರೆ ಸಂಸಾರ, ಅಲ್ವಾ?

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಪಟ್ಟಿ ಆಗ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯದ್ದಾಗಿತ್ತು. ಬಿಟ್ಟುಹೋದವರಿಗಾಗಿ 2018ರಲ್ಲಿ ಆವಾಸ್ ಪ್ಲಸ್ ಸಮೀಕ್ಷೆ ಶುರುವಾಯಿತು. ಎರಡೂ ಸಲ ಇವರು ಬೇರೆ ಊರಲ್ಲಿ ಬಾಡಿಗೆಗಿದ್ದರು. ಉಳಿದದ್ದು ರಾಜ್ಯದ ಬಸವ ವಸತಿ ಯೋಜನೆ. ಅದರಲ್ಲಿ ಗ್ರಾಮಸಭೆಯೇ ಫಲಾನುಭವಿಗಳನ್ನು ಆರಿಸುತ್ತದೆ.

ಗ್ರಾಮಸಭೆಯಲ್ಲಿ ಗಟ್ಟಿ ದನಿ ಇದ್ದವರ ಹೆಸರೇ ಮುಂದೆ ಬರುತ್ತದೆ. ಹಾಗಾಗಿ ಕೇಂದ್ರ ಯೋಜನೆಯ ಆದ್ಯತೆಯ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಮೈಕಿನಲ್ಲಿ ಓದಿದೆ. ಸೂರೇ ಇಲ್ಲದವರು ಮೊದಲು. ಆಮೇಲೆ ಕಚ್ಚಾ ಮನೆಯಲ್ಲಿ ಒಂದು ಕೋಣೆ ಇರುವವರು, ಎರಡು ಕೋಣೆ ಇರುವವರು. ಅವರೊಳಗೂ 16ರಿಂದ 59 ವಯಸ್ಸಿನ ಗಂಡಸರಿಲ್ಲದೆ ಹೆಂಗಸೇ ನಡೆಸುವ ಸಂಸಾರಕ್ಕೆ, ಜಾಗವಿಲ್ಲದೆ ಕೂಲಿಯಿಂದಲೇ ಬದುಕುವವರಿಗೆ ಆದ್ಯತೆ ಹೆಚ್ಚು. ಓದಿ ಮುಗಿಸಿ, "ಇವರಿಗಿಂತ ಮೊದಲು ಸಿಗಬೇಕಾದವರು ಯಾರಾದರೂ ಇದ್ದರೆ ಹೇಳಿ" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಎದ್ದು, "ಅವಳಿಗೇ ಕೊಡಿ" ಅಂದರು. ಅವರೂ ಅರ್ಜಿ ಹಾಕಿದ್ದವರೇ. ಆ ಅಜ್ಜಿಯನ್ನು ನಾನು ಮರೆಯುವುದಿಲ್ಲ.

ಹೆಸರು ನಡವಳಿ ಪುಸ್ತಕದಲ್ಲಿ ಬರೆದಾಗುವವರೆಗೆ ನಾನು ಜಾಗ ಬಿಟ್ಟು ಏಳಲಿಲ್ಲ. ನೀವೂ ಹಾಗೇ ಮಾಡಿ, ನಕಲು ಕೇಳಿ ತೆಗೆದುಕೊಳ್ಳಿ.

ಜಾಗಕ್ಕೆ ಅಣ್ಣನೇ ಮೂರು ಸೆಂಟ್ಸ್ ದಾನಪತ್ರ ಮಾಡಿಕೊಟ್ಟರು. ಆ ಜಾಗಕ್ಕೆ ಪಂಚಾಯತ್ ಕೊಡುವ ಖಾತೆಯ ದಾಖಲೆ, ಅಂದರೆ 9/11, ಆಗುವುದಕ್ಕೆ ಮತ್ತೆ ಕೆಲವು ತಿಂಗಳು ಹಿಡಿಯಿತು. ಅನುದಾನ ಕಂತಿನಲ್ಲಿ ಬರುತ್ತದೆ, ತಳಪಾಯ ಎದ್ದು ಜಿಪಿಎಸ್ ಫೋಟೋ ಹೋದ ಮೇಲೆ. ಮೊದಲ ಲೋಡು ಕೆಂಪು ಕಲ್ಲಿಗೆ ಅವರು ಸ್ವಸಹಾಯ ಸಂಘದಿಂದ ಸಾಲ ತೆಗೆದರು.

ಈಗ ನಾನು ಪ್ರತಿ ವರ್ಷ ಮಳೆ ಜೋರಿರುವ ಆಟಿ ತಿಂಗಳಲ್ಲಿ ಮನೆಮನೆಗೆ ಹೋಗುತ್ತೇನೆ. ಮನೆ ಉಂಟಾ ಅಂತ ಕೇಳುವುದಿಲ್ಲ. ಎಷ್ಟು ಒಲೆ ಉಂಟು ಅಂತ ಕೇಳುತ್ತೇನೆ. ಕಳೆದ ಸಲ ಒಂದೇ ಮಾಡಿನ ಕೆಳಗೆ ಮೂರು ಒಲೆ ಸಿಕ್ಕಿತು. ಎರಡು ಹೊಸ ಅರ್ಜಿ ಅಲ್ಲೇ ಕೂತು ಬರೆದೆವು.